ಫ್ಲೈ ಫಿಶಿಂಗ್‌ಗೆ ರೀಲ್ ಕೊಳ್ಳುವುದು: ಮೊದಲು ಮೀನು, ಆಮೇಲೆ ಲೈನ್, ಕೊನೆಗೆ ರೀಲ್

ಅಮೆರಿಕದ ಕೊಲೊರಾಡೋ ರಾಜ್ಯದ ಡೆನ್ವರ್‌ಗೆ ಬಂದ ಮೊದಲ ಬೇಸಿಗೆಯಲ್ಲಿ ನಾನು ಕೊಂಡ ರೀಲ್, ಅಂದರೆ ಮೀನು ಹಿಡಿಯುವ ದಾರ (ಲೈನ್) ಸುತ್ತಿಡುವ ಉರುಳೆ, 8ನೇ ನಂಬರಿನದು. ರಾಡ್, ಅಂದರೆ ಕೋಲು, ಮಾತ್ರ 5ನೇ ನಂಬರಿನದು. "ದೊಡ್ಡದೇ ತಗೊಳ್ಳಿ, ಮುಂದೆ ಎಲ್ಲದಕ್ಕೂ ಆಗುತ್ತೆ" ಅಂದರು ಅಂಗಡಿಯಲ್ಲಿ. ನನಗೂ ಸರಿ ಅನ್ನಿಸಿತು. ಸೌತ್ ಪ್ಲಾಟ್ ನದಿಯಲ್ಲಿ, ಡೆಕರ್ಸ್ ಅನ್ನುವ ಪುಟ್ಟ ಊರಿನ ಹತ್ತಿರ ನೀರಿಗಿಳಿದೆ. ಮಧ್ಯಾಹ್ನದ ಹೊತ್ತಿಗೆ ಮಣಿಕಟ್ಟು ನೋಯತೊಡಗಿತು. ಅದಾದರೂ ಪರವಾಗಿಲ್ಲ. ಸಂಜೆ ಒಳ್ಳೆಯ ಬ್ರೌನ್ ಟ್ರೌಟ್ ಒಂದು ಕಚ್ಚಿತು, ಓಡಿತು. ರೀಲ್ ಒಂದು ಕ್ಷಣ ಬಿಗಿಯಾಗಿ ಹಿಡಿದುಕೊಂಡಿತು. ಆಮೇಲೆ ಸರಕ್ಕನೆ ಬಿಟ್ಟಿತು. ಅಷ್ಟರಲ್ಲಿ ತುದಿಯ ತೆಳು ದಾರ ತುಂಡಾಗಿತ್ತು. ಮೀನು ಬಾಯಲ್ಲಿ ಗಾಳ ಇಟ್ಟುಕೊಂಡೇ ಹೋಯಿತು. ಅದನ್ನು ನೆನೆಸಿಕೊಂಡರೆ ನನಗೆ ಈಗಲೂ ಕಸಿವಿಸಿ ಆಗುತ್ತದೆ.

ಆಮೇಲೆ ಬೇರೆ ಬೇರೆ ರೀಲುಗಳನ್ನು ಬಳಸಿದ್ದೇನೆ. ಊರಿನಿಂದ ಬರುವ ಗೆಳೆಯರು, ಇಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರು "ಯಾವ ರೀಲ್ ತಗೊಳ್ಳಲಿ?" ಅಂತ ಕೇಳುತ್ತಲೇ ಇರುತ್ತಾರೆ. ಅವರಿಗೆ ಹೇಳುವುದನ್ನೇ, ಹೇಳುವ ಕ್ರಮದಲ್ಲೇ ಇಲ್ಲಿ ಬರೆಯುತ್ತಿದ್ದೇನೆ.

ರೀಲ್ ಮಾಡುವ ಕೆಲಸ ಏನು?

ಇದು ತಿಳಿಯದೆ ಅಂಗಡಿಗೆ ಹೋಗಬೇಡಿ. ನಮ್ಮ ಕಡೆ ಕೆರೆಯಲ್ಲಿ ಗಾಳ ಹಾಕುವಾಗ ಬಿದಿರಿನ ಕೋಲು, ದಾರ, ಗಾಳ, ಎರೆಹುಳ ಇಷ್ಟೇ ಇರುತ್ತದೆ. ದಾರಕ್ಕೆ ಕಟ್ಟಿದ ಸೀಸದ ಗುಂಡು ಅದನ್ನು ನೀರಿಗೆ ಎಳೆದುಕೊಂಡು ಹೋಗುತ್ತದೆ. ಸ್ಪಿನ್ನಿಂಗ್ ರಾಡ್‌ನಲ್ಲೂ ಹಾಗೇ, ತುದಿಯ ತೂಕ ಹಾರುತ್ತದೆ, ದಾರ ಹಿಂದೆ ಹೋಗುತ್ತದೆ.

ಫ್ಲೈ ಫಿಶಿಂಗ್‌ನಲ್ಲಿ ಇದು ಉಲ್ಟಾ. ಫ್ಲೈ ಅಂದರೆ ಸಣ್ಣ ಗಾಳಕ್ಕೆ ಗರಿ, ನೂಲು ಸುತ್ತಿ ಹುಳುವಿನ ಹಾಗೆ ಮಾಡಿದ್ದು. ಅದಕ್ಕೆ ತೂಕವೇ ಇಲ್ಲ. ತೂಕ ಇರುವುದು ಲೈನ್‌ಗೆ. ದಪ್ಪಗೆ, ಮೇಲೆ ಪ್ಲಾಸ್ಟಿಕ್ ಲೇಪನ ಇರುವ ಆ ಲೈನನ್ನೇ ನಾವು ಬೀಸಿ ಎಸೆಯುತ್ತೇವೆ. ಬೇಕಾದಷ್ಟು ಲೈನನ್ನು ಎಡಗೈಯಿಂದ ರೀಲ್‌ನಿಂದ ಎಳೆದುಕೊಂಡು ಬಿಡುತ್ತೇವೆ. ಹಾಗಾಗಿ ಎಸೆಯುವುದರಲ್ಲಿ ರೀಲ್‌ಗೆ ಪಾತ್ರವೇ ಇಲ್ಲ.

ಹಾಗಾದರೆ ಅದು ಯಾಕೆ ಬೇಕು? ಲೈನನ್ನು ಗೋಜಲಾಗದ ಹಾಗೆ ಇಟ್ಟುಕೊಳ್ಳಲು. ರಾಡ್‌ನ ಮುಂದಿನ ತೂಕಕ್ಕೆ ಹಿಂದೆ ಸರಿದೂಗಿಸಲು. ಮತ್ತೆ, ಮೀನು ಓಡಿದಾಗ ಹದವಾಗಿ ಲೈನ್ ಬಿಟ್ಟು, ಅದು ದಣಿದಾಗ ವಾಪಸ್ ಸುತ್ತಿಕೊಳ್ಳಲು. ಸಣ್ಣ ತೊರೆಯಲ್ಲಿ ಗೇಣುದ್ದದ ಟ್ರೌಟ್ ಹಿಡಿದರೆ ಈ ಕೊನೆಯ ಕೆಲಸ ಬರುವುದೇ ಇಲ್ಲ, ಕೈಯಿಂದಲೇ ಲೈನ್ ಎಳೆದುಕೊಂಡು ಮೀನನ್ನು ತರುತ್ತೇವೆ. ಆದ್ದರಿಂದ ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ಮೊದಲು ಒಳ್ಳೆಯ ರಾಡ್ ಕೊಳ್ಳಿ, ಅದಕ್ಕಿಂತ ಮುಖ್ಯವಾಗಿ ಒಳ್ಳೆಯ ಲೈನ್ ಕೊಳ್ಳಿ. ದುಬಾರಿ ರೀಲ್‌ಗೆ ಅಗ್ಗದ ಲೈನ್ ಸುತ್ತಿಕೊಂಡು ಎಸೆಯಲಾಗದೆ ಒದ್ದಾಡುವವರನ್ನು ನೋಡಿದಾಗಲೆಲ್ಲ, ಇವರಿಗೆ ಯಾರಾದರೂ ಮೊದಲೇ ಹೇಳಬಾರದಿತ್ತಾ ಅನ್ನಿಸುತ್ತದೆ.

ಮೊದಲ ಹೆಜ್ಜೆ: ಮೀನು ಯಾವುದು, ಲೈನ್ ಎಷ್ಟನೇ ನಂಬರು

ಫ್ಲೈ ಲೈನ್‌ಗಳಿಗೆ ನಂಬರು ಇರುತ್ತದೆ. ಲೈನ್‌ನ ಮೊದಲ 30 ಅಡಿಯ ತೂಕದ ಮೇಲೆ ಆ ನಂಬರು ಬರುತ್ತದೆ. 3ನೇ ನಂಬರಿನದು 100 ಗ್ರೇನ್, ಅಂದರೆ ಸುಮಾರು ಆರೂವರೆ ಗ್ರಾಂ. 5ನೇದು 140 ಗ್ರೇನ್, ಸುಮಾರು 9 ಗ್ರಾಂ. 8ನೇದು 210 ಗ್ರೇನ್, ಹದಿಮೂರೂವರೆ ಗ್ರಾಂ ಆಸುಪಾಸು. ನಂಬರು ಏರಿದ ಹಾಗೆ ಲೈನ್ ದಪ್ಪವಾಗುತ್ತದೆ, ದೊಡ್ಡ ಫ್ಲೈಯನ್ನು ಹೊತ್ತೊಯ್ಯುತ್ತದೆ. ರಾಡ್ ಮೇಲೂ ಅದೇ ನಂಬರು ಬರೆದಿರುತ್ತದೆ. ರೀಲ್ ಆ ಎರಡಕ್ಕೂ ಹೊಂದಬೇಕು.

ಸಣ್ಣ ತೊರೆಗಳಿಗೆ 3 ಅಥವಾ 4. ಸಾಮಾನ್ಯ ಟ್ರೌಟ್ ನದಿಗಳಿಗೆ 5. ಇಡೀ ಕೊಲೊರಾಡೋದಲ್ಲಿ ಒಂದೇ ರಾಡ್ ಇಟ್ಟುಕೊಳ್ಳಿ ಅಂದರೆ ನಾನು 9 ಅಡಿಯ 5ನೇ ನಂಬರನ್ನೇ ಇಟ್ಟುಕೊಳ್ಳುತ್ತೇನೆ. ಸಮುದ್ರದ ಬೋನ್‌ಫಿಶ್‌ಗೆ 8 ಬೇಕು. ಟಾರ್ಪನ್, ಜೈಂಟ್ ಟ್ರೆವಲ್ಲಿಯಂಥ ಸಮುದ್ರದ ಬಲಶಾಲಿಗಳಿಗೆ 11, 12ರವರೆಗೂ ಹೋಗುತ್ತಾರೆ.

ಊರಿಗೆ ಹೋದಾಗ ಭಾರತದಲ್ಲೂ ಹಿಡಿಯಬೇಕು ಅನ್ನುವವರು ಹಿಮಾಚಲದ ತೀರ್ಥನ್ ಕಣಿವೆಯನ್ನು ನೋಡಿ. ಅಲ್ಲಿರುವುದು ಬ್ರಿಟಿಷರ ಕಾಲದಲ್ಲಿ ತಂದು ಬಿಟ್ಟ ಬ್ರೌನ್ ಟ್ರೌಟ್. ಇಲ್ಲಿನ 4, 5ನೇ ನಂಬರಿನ ರೀಲ್ ಅಲ್ಲಿಗೂ ಸರಿಹೋಗುತ್ತದೆ. ಮೀನುಗಾರಿಕೆ ಇಲಾಖೆಯ ಪರವಾನಗಿ ಬೇಕು, ಚಳಿಗಾಲದಲ್ಲಿ ಮೊಟ್ಟೆ ಇಡುವ ತಿಂಗಳುಗಳಲ್ಲಿ ಹಿಡಿಯುವಂತಿಲ್ಲ. ಹಿಮಾಲಯದ ನದಿಗಳ ಗೋಲ್ಡನ್ ಮಹಶೀರ್‌ಗೆ ಮಾತ್ರ ಈ ರೀಲ್ ಸಾಲದು. ಅದಕ್ಕೆ 8 ಅಥವಾ 9, ಗಟ್ಟಿ ಡ್ರ್ಯಾಗ್ (ರೀಲ್‌ನ ಬ್ರೇಕ್) ಇರಲೇಬೇಕು.

ನಮ್ಮ ಕಾವೇರಿಯ ಬಿಳಿಮೀನಿನ ಬಗ್ಗೆಯೂ ಕೇಳುತ್ತಾರೆ. ಬೆನ್ನು ಉಬ್ಬಿದ ಆ ದೊಡ್ಡ ಮಹಶೀರ್ ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಸಹಜವಾಗಿ ಇಲ್ಲ. ಅದಕ್ಕೆ ಟಾರ್ ರೆಮಾದೇವಿ ಅನ್ನುವ ವೈಜ್ಞಾನಿಕ ಹೆಸರು ಖಚಿತವಾದದ್ದೇ 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು. ಆ ಮೀನಿಗಾಗಿ ಅಂತ ರೀಲ್ ಕೊಳ್ಳಬೇಡಿ ಅನ್ನುವುದು ನನ್ನ ಮಾತು. ಅದನ್ನು ದಡದಲ್ಲಿ ಕೂತು ನೋಡೋಣ, ಸಾಕು.

ಇನ್ನು, ರೀಲ್ ಪೆಟ್ಟಿಗೆಯ ಮೇಲೆ "4/5" ಅಥವಾ "5/6" ಅಂತ ಬರೆದಿದ್ದರೆ ಸುಲಭ. ಕೆಲವು ಕಂಪನಿಗಳು ಒಂದು, ಎರಡು, ಮೂರು ಅಂತ ತಮ್ಮದೇ ಅಳತೆ ಇಟ್ಟಿರುತ್ತವೆ. ಒಬ್ಬರ ಎರಡು ಇನ್ನೊಬ್ಬರ ಎರಡಲ್ಲ. ಯಾವ ಲೈನ್, ಜೊತೆಗೆ ಎಷ್ಟು ಬ್ಯಾಕಿಂಗ್ (ಲೈನ್ ಹಿಂದೆ ಸುತ್ತುವ ದಾರ) ಹಿಡಿಯುತ್ತದೆ ಎಂದು ಬರೆದ ಸಾಲನ್ನು ಹುಡುಕಿ ಓದಿ.

ಎರಡನೇ ಹೆಜ್ಜೆ: ಡ್ರ್ಯಾಗ್

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ರೀಲ್ ಬೆಲೆಯ ಬಹುಪಾಲು ಹೋಗುವುದು ಇದಕ್ಕೇ.

ಡ್ರ್ಯಾಗ್ ಅಂದರೆ ಬ್ರೇಕ್. ಮೀನು ಎಳೆದಾಗ ಸ್ಪೂಲ್ (ಲೈನ್ ಸುತ್ತಿರುವ ಚಕ್ರ) ಎಷ್ಟು ಬಿಗಿಯಾಗಿ ತಿರುಗಬೇಕು ಎಂದು ಅದು ತೀರ್ಮಾನಿಸುತ್ತದೆ. ಮುಖ್ಯವಾಗಿ ಎರಡು ಬಗೆ.

ಹಳೆಯದು ಕ್ಲಿಕ್ ಅಂಡ್ ಪಾಲ್. ಸೈಕಲ್ ತಳ್ಳಿಕೊಂಡು ಹೋಗುವಾಗ ಹಿಂದಿನ ಚಕ್ರದಿಂದ ಟಿಕ್ ಟಿಕ್ ಅಂತ ಸದ್ದು ಬರುತ್ತದಲ್ವಾ? ಫ್ರೀವೀಲ್ ಒಳಗೆ ಸ್ಪ್ರಿಂಗ್ ಒತ್ತಿದ ಸಣ್ಣ ನಾಲಿಗೆಯೊಂದು ಹಲ್ಲುಗಳ ಮೇಲೆ ಜಿಗಿಯುವ ಸದ್ದು ಅದು. ಈ ರೀಲ್ ಒಳಗೂ ಅಂಥದೇ ನಾಲಿಗೆ, ಅಂಥದೇ ಹಲ್ಲು. ಲೈನ್ ಹೊರಗೆ ಹೋದಾಗ ಕಟಕಟ ಅನ್ನುತ್ತದೆ. ಇದರ ತಡೆ ಬಹಳ ಕಡಿಮೆ, ಸ್ಪೂಲ್ ತಾನಾಗಿ ಗಿರಗಿರ ಸುತ್ತಿ ಲೈನ್ ಗೋಜಲಾಗದಿರಲಿ ಎನ್ನುವಷ್ಟು ಮಾತ್ರ. ಉಳಿದ ಬ್ರೇಕ್ ನಮ್ಮ ಅಂಗೈ. ಓಡುವ ಸ್ಪೂಲ್‌ನ ಅಂಚಿಗೆ ಅಂಗೈ ಮೆತ್ತಗೆ ಒತ್ತಿ ಹಿಡಿಯಬೇಕು. ಇಂಗ್ಲೆಂಡಿನ ಆನ್‌ವಿಕ್ ಊರಿನ ಹಾರ್ಡಿ ಕಂಪನಿ 1891ರಲ್ಲಿ ತಂದ 'ಪರ್ಫೆಕ್ಟ್' ರೀಲ್ ಈ ಜಾತಿಯದು. ಅದನ್ನು ಈಗಲೂ ಪ್ರೀತಿಯಿಂದ ಬಳಸುವವರಿದ್ದಾರೆ. ಇದರ ಒಳಗೆ ಕೆಡುವಂಥದ್ದು ಹೆಚ್ಚೇನೂ ಇಲ್ಲ. ಮರಳು ಹೊಕ್ಕರೆ ಬಿಚ್ಚಿ, ತೊಳೆದು, ಒಂದು ಹನಿ ಎಣ್ಣೆ ಬಿಟ್ಟರೆ ಆಯಿತು. 3, 4ನೇ ನಂಬರಿನ ತೊರೆ ರಾಡ್‌ಗೆ ನನಗೆ ಇದೇ ಇಷ್ಟ.

ಇನ್ನೊಂದು ಡಿಸ್ಕ್ ಡ್ರ್ಯಾಗ್. ಬೈಕಿನ ಡಿಸ್ಕ್ ಬ್ರೇಕ್‌ನ ಹಾಗೆ, ಎರಡು ಮೈಗಳು ಒಂದಕ್ಕೊಂದು ಒತ್ತಿ ಉಜ್ಜುತ್ತವೆ. ಒಳಗೆ ಕಾರ್ಕ್ ಇರಬಹುದು, ಕಾರ್ಬನ್ ಇರಬಹುದು. ಹೊರಗಿನ ಗುಬ್ಬಿ (ನಾಬ್) ತಿರುಗಿಸಿದರೆ ಬಿಗಿ ಜಾಸ್ತಿ, ಕಮ್ಮಿ ಆಗುತ್ತದೆ. ಸೀಲ್ ಮಾಡಿದ್ದಾದರೆ ಒಳಗೆ ನೀರು, ಮರಳು, ಉಪ್ಪು ಹೋಗುವುದಿಲ್ಲ. ಸಮುದ್ರಕ್ಕೆ ಹೋಗುವವರು ಸೀಲ್ ಆದದ್ದನ್ನೇ ತಗೊಳ್ಳಿ. ಬೋನ್‌ಫಿಶ್ ಒಂದೇ ಓಟಕ್ಕೆ 100 ಮೀಟರ್ ಲೈನ್ ಎಳೆದುಕೊಂಡು ಹೋಗಬಲ್ಲದು, ಅಲ್ಲಿ ಬರೀ ಅಂಗೈ ನಂಬಿದರೆ ಬೆರಳಿನ ಚರ್ಮ ಹೋಗುತ್ತದೆ.

ಜಾಹೀರಾತಿನಲ್ಲಿ ಗರಿಷ್ಠ ಬಿಗಿ ಎಷ್ಟು ಪೌಂಡ್ ಅಂತ ದೊಡ್ಡದಾಗಿ ಬರೆದಿರುತ್ತಾರೆ. ಟ್ರೌಟ್‌ಗೆ ಆ ಲೆಕ್ಕ ಬೇಡವೇ ಬೇಡ. ನೋಡಬೇಕಾದದ್ದು ಶುರುವಾಗುವ ಕ್ಷಣವನ್ನು. ನಿಂತ ಸ್ಪೂಲ್ ತಿರುಗಲು ತೊಡಗುವಾಗ ಜಗ್ಗುತ್ತದೋ, ಬೆಣ್ಣೆಯ ಹಾಗೆ ಜಾರುತ್ತದೋ? ಬಹಳ ದಿನ ಬಳಸದ ಬಾವಿಯ ರಾಟೆ ಮೊದಲು ಕಚ್ಚಿಕೊಂಡು ಆಮೇಲೆ ಒಮ್ಮೆಲೇ ಬಿಡುತ್ತದಲ್ಲ, ಆ ತರಹ ಆದರೆ ಆ ರೀಲ್ ಬೇಡ. ಡೆಕರ್ಸ್‌ನಲ್ಲಿ ನನ್ನ ತುದಿಯ ದಾರ ತುಂಡಾದದ್ದು ಆ ಒಂದು ಕ್ಷಣದಲ್ಲೇ.

ಇದನ್ನು ಮನೆಯಲ್ಲೇ ಪರೀಕ್ಷೆ ಮಾಡಬಹುದು. ಟ್ರೌಟ್‌ಗೆ ಬಳಸುವ 5ಎಕ್ಸ್ ಟಿಪ್ಪೆಟ್, ಅಂದರೆ ತುದಿಯ ದಾರ, 0.15 ಮಿಲಿಮೀಟರ್ ದಪ್ಪ. ಸುಮಾರು ಎರಡು ಕಿಲೋ ಎಳೆತಕ್ಕೆ ತುಂಡಾಗುತ್ತದೆ. ಡ್ರ್ಯಾಗನ್ನು ಅದರ ಕಾಲು ಭಾಗಕ್ಕಿಂತ ಹೆಚ್ಚು ಬಿಗಿ ಮಾಡಬಾರದು. ಯಾಕೆಂದರೆ ರಾಡ್‌ನ ಬಳೆಗಳಲ್ಲಿ, ನೀರಿನಲ್ಲಿ ಲೈನ್ ಉಜ್ಜಿ ಇನ್ನಷ್ಟು ಎಳೆತ ಸೇರಿಕೊಳ್ಳುತ್ತದೆ. ಎರಡು ಕಿಲೋದ ಕಾಲು ಭಾಗ ಅರ್ಧ ಕಿಲೋ. ಅರ್ಧ ಲೀಟರ್ ನೀರಿನ ಬಾಟಲಿ ತುಂಬಿಸಿ, ಕುತ್ತಿಗೆಗೆ ಲೈನ್ ಕಟ್ಟಿ, ರೀಲನ್ನು ಮೇಲೆ ಹಿಡಿದುಕೊಂಡು ತೂಗುಬಿಡಿ. ಗುಬ್ಬಿಯನ್ನು ನಿಧಾನ ಸಡಿಲಿಸಿ. ಬಾಟಲಿ ತಡೆಯದೆ, ಕುಲುಕದೆ ಒಂದೇ ಸಮನೆ ಕೆಳಗಿಳಿದರೆ ಡ್ರ್ಯಾಗ್ ಚೆನ್ನಾಗಿದೆ. ನಿಂತು ನಿಂತು ಇಳಿದರೆ ವಾಪಸ್ ಕೊಟ್ಟು ಬನ್ನಿ. ನಾನು ಪ್ರತಿ ಹೊಸ ರೀಲ್‌ಗೂ ಅಡುಗೆಮನೆಯಲ್ಲಿ ಇದನ್ನೇ ಮಾಡುತ್ತೇನೆ. ಗುಬ್ಬಿ ಎಲ್ಲಿಗೆ ಬಂದಾಗ ಬಾಟಲಿ ಇಳಿಯಿತು ಎಂದು ಗುರುತು ಮಾಡಿಕೊಳ್ಳಿ. ನದಿಯಲ್ಲಿ ಅದಕ್ಕಿಂತ ಬಿಗಿ ಮಾಡಲು ಹೋಗಬೇಡಿ.

ಹಾಗಂತ ಪೂರ್ತಿ ಸಡಿಲ ಬಿಟ್ಟು ಮೀನನ್ನು ಹತ್ತು ನಿಮಿಷ ಓಡಿಸುವುದೂ ತಪ್ಪು. ಬಿಟ್ಟುಬಿಡುವ ಮೀನಾದರೆ ಅದು ಸುಸ್ತಾಗಿ ಬಿದ್ದುಹೋಗುವ ಮುಂಚೆಯೇ ದಡಕ್ಕೆ ಬರಬೇಕು. ಬೇಸಿಗೆಯಲ್ಲಿ ನೀರು ಬಿಸಿಯಾದಾಗ ಇದು ಇನ್ನೂ ಮುಖ್ಯ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ, ದಣಿದ ಟ್ರೌಟ್ ಬಿಟ್ಟಮೇಲೂ ಸಾಯಬಹುದು. ಹದವಾದ ಡ್ರ್ಯಾಗ್ ಮೀನಿನ ಜೀವಕ್ಕೂ ಬೇಕು.

ಮೂರನೇ ಹೆಜ್ಜೆ: ಆರ್ಬರ್

ಸ್ಪೂಲ್‌ನ ನಡುವಿನ ದಿಂಡಿಗೆ ಆರ್ಬರ್ ಅನ್ನುತ್ತಾರೆ. ಲೈನ್ ಸುತ್ತಿಕೊಳ್ಳುವುದು ಅದರ ಮೇಲೆ. ಫ್ಲೈ ರೀಲ್‌ನಲ್ಲಿ ಸಾಮಾನ್ಯವಾಗಿ ಗೇರ್ ಇರುವುದಿಲ್ಲ, ಹಿಡಿಕೆ ಒಂದು ಸುತ್ತು ತಿರುಗಿದರೆ ಸ್ಪೂಲ್ ಕೂಡ ಒಂದೇ ಸುತ್ತು. ಆದ್ದರಿಂದ ದಿಂಡಿನ ಗಾತ್ರವೇ ವೇಗ.

ಸಣ್ಣ ಲೆಕ್ಕ ಹಾಕೋಣ. ಸುತ್ತಿದ ಲೈನ್‌ನ ಅಡ್ಡಳತೆ 4 ಸೆಂಟಿಮೀಟರ್ ಇದ್ದರೆ ಒಂದು ಸುತ್ತಿಗೆ ಬರುವುದು ಹನ್ನೆರಡೂವರೆ ಸೆಂಟಿಮೀಟರ್ ಲೈನ್. 10 ಮೀಟರ್ ಸುತ್ತಲು 80 ಸುತ್ತು. ಅಡ್ಡಳತೆ ಏಳೂವರೆ ಇದ್ದರೆ 42 ಸುತ್ತು ಸಾಕು. ಮೀನು ನಿಮ್ಮ ಕಡೆಗೇ ಓಡಿಬಂದು ಲೈನ್ ಸಡಿಲವಾದಾಗ ಈ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ಇನ್ನೊಂದು ಲಾಭವೂ ಇದೆ. ಲೈನ್ ಹೊರಗೆ ಹೋದ ಹಾಗೆ ಸುತ್ತಿನ ಗಾತ್ರ ಇಳಿಯುತ್ತದೆ. ಅದು ಅರ್ಧಕ್ಕೆ ಇಳಿದರೆ, ಗುಬ್ಬಿ ಮುಟ್ಟದೇ ಇದ್ದರೂ ಮೀನು ಎರಡರಷ್ಟು ಬಲ ಹಾಕಬೇಕಾಗುತ್ತದೆ. ದೊಡ್ಡ ಆರ್ಬರ್‌ನಲ್ಲಿ ಈ ಏರಿಕೆ ಕಡಿಮೆ. ಲೈನ್ ಕೂಡ ಬಿಗಿ ಸುರುಳಿ ಸುತ್ತಿಕೊಂಡು ಸ್ಪ್ರಿಂಗಿನ ಹಾಗೆ ಬರುವುದಿಲ್ಲ. ಹೊಸಬರು ಕಣ್ಣು ಮುಚ್ಚಿ ದೊಡ್ಡ ಅಥವಾ ಮಧ್ಯಮ ಆರ್ಬರ್ ತಗೊಳ್ಳಬಹುದು.

ರೀಲ್ ತುಂಬ ತೂತುಗಳು ಯಾಕೆ ಅಂತ ನನ್ನ ಮಗಳು ಒಮ್ಮೆ ಕೇಳಿದ್ದಳು. ವರ್ಮಾಂಟ್‌ನ ಚಾರ್ಲ್ಸ್ ಆರ್ವಿಸ್ 1874ರಲ್ಲಿ ಪೇಟೆಂಟ್ ಪಡೆದ ರೀಲ್‌ನ ಎರಡೂ ಪಕ್ಕ ತೂತುಗಳಿದ್ದವು. ಆಗ ಲೈನ್ ರೇಷ್ಮೆಯದು. ಒದ್ದೆಯಾಗಿ ಉಳಿದರೆ ಕೊಳೆಯುತ್ತಿತ್ತು, ಗಾಳಿಯಾಡಲು ತೂತು ಬೇಕಿತ್ತು. ಈಗ ಲೈನ್ ಪ್ಲಾಸ್ಟಿಕ್. ಆದರೂ ತೂಕ ಇಳಿಸುವುದಕ್ಕೆ ತೂತುಗಳು ಉಳಿದುಕೊಂಡಿವೆ.

ನಾಲ್ಕನೇ ಹೆಜ್ಜೆ: ತೂಕ

ಅಂಗಡಿಗೆ ಹೋಗುವಾಗ ನಿಮ್ಮ ರಾಡ್ ತಗೊಂಡು ಹೋಗಿ. ಲೈನ್ ಸುತ್ತಿದ ರೀಲನ್ನು ರಾಡ್‌ಗೆ ಹಾಕಿಸಿ, ಕಾರ್ಕ್ ಹಿಡಿಯ ಮುಂಭಾಗವನ್ನು ಒಂದು ಬೆರಳ ಮೇಲೆ ಇಡಿ. ತಕ್ಕಡಿಯ ಹಾಗೆ ನಿಂತರೆ ಸರಿ. ಮೂತಿ ಕೆಳಗೆ ಬಿದ್ದರೆ ರೀಲ್ ಹಗುರ, ಬಾಲ ಕೆಳಗೆ ಬಿದ್ದರೆ ಭಾರ. 9 ಅಡಿಯ 5ನೇ ನಂಬರಿಗೆ 120ರಿಂದ 150 ಗ್ರಾಂನ ರೀಲ್ ಸಾಮಾನ್ಯವಾಗಿ ಹೊಂದುತ್ತದೆ. ಹಗುರ ಇದ್ದಷ್ಟೂ ಒಳ್ಳೆಯದು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಮೂತಿ ಭಾರದ ರಾಡ್ ಹಿಡಿದು ದಿನವಿಡೀ ನಿಂತರೆ ಮುಂಗೈ ಸೋಲುತ್ತದೆ.

ಯೂರೋ ನಿಂಫಿಂಗ್, ಅಂದರೆ ಉದ್ದ ರಾಡ್‌ನಿಂದ ಫ್ಲೈಯನ್ನು ನೀರಿನ ತಳದ ಹತ್ತಿರ ಸಾಗಿಸುವ ವಿಧಾನ, ಅದನ್ನು ಮಾಡುವವರಿಗೆ ಒಂದು ಮಾತು. ನಿಮ್ಮ ರಾಡ್ 10, 11 ಅಡಿ ಇರುತ್ತದೆ, ಅದಕ್ಕೆ ಸ್ವಲ್ಪ ಭಾರದ ರೀಲೇ ಬೇಕು. ಸುತ್ತಲೂ ಚೌಕಟ್ಟು ಮುಚ್ಚಿದ ರೀಲ್ ನೋಡಿ. ತೆರೆದ ಚೌಕಟ್ಟಿನಲ್ಲಿ ನಿಮ್ಮ ತೆಳು ಲೀಡರ್ (ಲೈನ್ ಮುಂದೆ ಕಟ್ಟುವ ದಾರ) ಸ್ಪೂಲ್ ಸಂದಿಗೆ ನುಸುಳಿ ಸಿಕ್ಕಿಕೊಳ್ಳುತ್ತದೆ.

ಲೋಹ, ದುಡ್ಡು, ಯಾವ ಕೈ

ಅಚ್ಚಿಗೆ ಎರಕ ಹೊಯ್ದ ಅಲ್ಯೂಮಿನಿಯಂ ಅಗ್ಗ, ಟ್ರೌಟ್‌ಗೆ ಸಾಕು. ಕಲ್ಲಿನ ಮೇಲೆ ಬಿದ್ದರೆ ಬಿರಿಯಬಹುದು. ಗಟ್ಟಿ ಸರಳಿನಿಂದ ಕಡೆದು ತೆಗೆದದ್ದು ಹಗುರ, ಬಲ, ದುಬಾರಿ. ಪೂರ್ತಿ ಪ್ಲಾಸ್ಟಿಕ್‌ನದು ಬೇಡ. ಅಮೆರಿಕದಲ್ಲಿ 100ರಿಂದ 150 ಡಾಲರ್ ಒಳಗೆ ವರ್ಷಗಟ್ಟಲೆ ಬಾಳುವ ಡಿಸ್ಕ್ ಡ್ರ್ಯಾಗ್ ರೀಲ್ ಸಿಗುತ್ತದೆ. ಅದಕ್ಕಿಂತ ಜಾಸ್ತಿ ಕೊಡುವುದು ಅಂದಕ್ಕಾಗಿ, ಇಲ್ಲವೇ ಸಮುದ್ರಕ್ಕಾಗಿ. ಅಂದಕ್ಕೆ ಕೊಟ್ಟರೂ ತಪ್ಪಿಲ್ಲ. ನಮ್ಮ ಕೊಲೊರಾಡೋದ ಮಾಂಟ್ರೋಸ್‌ನಲ್ಲಿ ತಯಾರಾಗುವ ರಾಸ್, ಏಬಲ್ ರೀಲುಗಳನ್ನು ಕೈಗೆತ್ತಿಕೊಂಡರೆ ಕೆಳಗಿಡಲು ಮನಸ್ಸಾಗುವುದಿಲ್ಲ.

ಹಳೆಯ ರೀಲ್ ಕೊಳ್ಳುವುದಾದರೆ ಸ್ಪೂಲನ್ನು ಬೆರಳಿನಿಂದ ಜೋರಾಗಿ ತಿರುಗಿಸಿ ನೋಡಿ. ಅಂಚು ಓಲಾಡಬಾರದು. ರಾಡ್‌ಗೆ ಕೂರುವ ಪಾದ ಬಾಗಿರಬಾರದು. ಅದೇ ಮಾದರಿಯ ಬಿಡಿ ಸ್ಪೂಲ್ ಈಗಲೂ ಸಿಗುತ್ತದಾ ಅಂತ ವಿಚಾರಿಸಿ. ಮುಂದೆ ಮುಳುಗುವ ಲೈನ್ ಬೇಕಾದಾಗ ಇನ್ನೊಂದು ರೀಲ್ ಕೊಳ್ಳದೆ ಸ್ಪೂಲ್ ಮಾತ್ರ ಬದಲಿಸಬಹುದು.

ಬಲಗೈಯಲ್ಲಿ ಎಸೆಯುವವರು ಎಡಗೈಯಲ್ಲಿ ಸುತ್ತಿ. ಮೀನು ಕಚ್ಚಿದಾಗ ರಾಡ್ ಕೈ ಬದಲಿಸುವ ಗಡಿಬಿಡಿ ಇರುವುದಿಲ್ಲ. ಬಲಗೈಗೆ ವೇಗ ಜಾಸ್ತಿ ಅಂತ ಬಲಗೈಯಲ್ಲೇ ಸುತ್ತುವ ಅನುಭವಿಗಳೂ ಇದ್ದಾರೆ. ಹೆಚ್ಚಿನ ರೀಲುಗಳನ್ನು ಎರಡೂ ಕಡೆಗೆ ಬದಲಿಸಬಹುದು, ಲೈನ್ ಸುತ್ತಿಸುವ ಮೊದಲೇ ಯಾವ ಕೈ ಅಂತ ಹೇಳಿಬಿಡಿ.

ಕೊನೆಯ ಹೆಜ್ಜೆ: ತುಂಬಿಸುವುದು

ಫ್ಲೈ ಲೈನ್ ಇರುವುದೇ ಸುಮಾರು 27 ಮೀಟರ್. ಅದರ ಹಿಂದೆ ಡೇಕ್ರಾನ್ (ಪಾಲಿಯೆಸ್ಟರ್) ದಾರ ಸುತ್ತಬೇಕು, ಅದೇ ಬ್ಯಾಕಿಂಗ್. ಟ್ರೌಟ್‌ಗೆ 20 ಪೌಂಡ್ ಬಲದ್ದು 50ರಿಂದ 100 ಗಜ. ಬೋನ್‌ಫಿಶ್‌ಗೆ ಕನಿಷ್ಠ 150ರಿಂದ 200 ಗಜ. ಟ್ರೌಟ್ ಬ್ಯಾಕಿಂಗ್‌ವರೆಗೆ ಎಳೆಯುವುದು ಅಪರೂಪ. ಆದರೆ ಬ್ಯಾಕಿಂಗ್ ಇಲ್ಲದಿದ್ದರೆ ದಿಂಡು ಸಪೂರವಾಗಿ, ಮೇಲೆ ಹೇಳಿದ ಆರ್ಬರ್ ಲಾಭವೆಲ್ಲ ಹೋಗುತ್ತದೆ.

ಬ್ಯಾಕಿಂಗನ್ನು ಸ್ಪೂಲ್‌ಗೆ ಆರ್ಬರ್ ಗಂಟು ಹಾಕಿ ಕಟ್ಟಿ. ಬಿಗಿಯಾಗಿ, ಅತ್ತಿತ್ತ ಸಮನಾಗಿ ಸುತ್ತಿ. ಸಡಿಲ ಸುತ್ತಿದರೆ ಮೀನು ಎಳೆದಾಗ ಮೇಲಿನ ಸುತ್ತು ಕೆಳಗಿನದರೊಳಗೆ ಕಚ್ಚಿಕೊಳ್ಳುತ್ತದೆ. ಆಮೇಲೆ ಫ್ಲೈ ಲೈನ್. ಒಂದು ತುದಿಗೆ ರೀಲ್ ಕಡೆ ಎಂದು ಚೀಟಿ ಅಂಟಿಸಿರುತ್ತಾರೆ, ಅದನ್ನೇ ಬ್ಯಾಕಿಂಗ್‌ಗೆ ಸೇರಿಸಿ. ಉಲ್ಟಾ ಆದರೆ ತೂಕದ ಭಾಗ ಒಳಗೆ ಉಳಿದು, ಎಷ್ಟು ಬೀಸಿದರೂ ಲೈನ್ ಹಾರುವುದಿಲ್ಲ. ಪೂರ್ತಿ ಸುತ್ತಿದ ಮೇಲೆ ಅಂಚಿಗೆ ಅರ್ಧ ಸೆಂಟಿಮೀಟರ್ ಜಾಗ ಉಳಿಯಲಿ. ಅದಕ್ಕಿಂತ ತುಂಬಿದರೆ ಮೀನು ತರುವ ಅವಸರದಲ್ಲಿ ಒಂದೇ ಕಡೆ ಗುಡ್ಡೆಯಾಗಿ ಚೌಕಟ್ಟಿಗೆ ಉಜ್ಜುತ್ತದೆ.

ನದಿಯಿಂದ ಬಂದ ಮೇಲೆ ಸಿಹಿನೀರಲ್ಲಿ ಮೆಲ್ಲಗೆ ತೊಳೆಯಿರಿ. ಸಮುದ್ರದಿಂದ ಬಂದಿದ್ದರೆ ಪೈಪಿನ ರಭಸದ ನೀರು ಬಿಡಬೇಡಿ, ಉಪ್ಪು ಇನ್ನೂ ಒಳಗೆ ಹೋಗುತ್ತದೆ. ಸ್ಪೂಲ್ ತೆಗೆದು ಒಣಗಲು ಬಿಡಿ. ಒಣಗಿದ ಮೇಲೆ ಡ್ರ್ಯಾಗ್ ಗುಬ್ಬಿಯನ್ನು ಪೂರ್ತಿ ಸಡಿಲಿಸಿ ಇಡಿ. ಬಿಗಿಯಾಗಿಯೇ ತಿಂಗಳುಗಟ್ಟಲೆ ಬಿಟ್ಟರೆ ಒಳಗಿನ ಕಾರ್ಕ್ ಒತ್ತಿಹೋಗಿ, ಮುಂದಿನ ಸಲ ಮೊದಲ ಎಳೆತಕ್ಕೇ ಕಚ್ಚಿಕೊಳ್ಳುತ್ತದೆ. ಹೊಸ ಸೀಸನ್ ಶುರುವಾಗುವಾಗ ನೀರಿಗಿಳಿಯುವ ಮುಂಚೆ ಗುಬ್ಬಿಯನ್ನು ಗುರುತಿಗೆ ತಂದು, ಕೈಯಿಂದ ಎರಡು ಮೂರು ಸಲ ಲೈನ್ ಎಳೆದು ನೋಡಿ.